ಕಾಲುಗಳ ಟೇಪು

೧೧ ಮಾರ್ಚ್, ಭಾನುವಾರ
ಮಧ್ಯಾಹ್ನ

ಪ್ರೀತಿಯ ಅಪ್ಪಾ,

ಮೊದಲು ಬೈದುಬಿಡು, ಆಮೇಲೆ ಓದು. ನಿನ್ನ ಮೂರು ಪತ್ರಗಳು ನನ್ನ ಕೀಬೋರ್ಡಿನ ಕೆಳಗೆ ಒಂದರ ಮೇಲೊಂದು ಕೂತು ಆರು ವಾರವಾಯಿತು. ಕೀಬೋರ್ಡು ಒಂದು ಕಡೆ ಎತ್ತರವಾಗಿ, ಒಂದೊಂದು ಅಕ್ಷರ ಒತ್ತಿದಾಗಲೂ ಅಲ್ಲಾಡುತ್ತದೆ. ಉತ್ತರ ಬರೆ, ಉತ್ತರ ಬರೆ ಎಂದು ನೀನೇ ಕೆಳಗಿನಿಂದ ತಿವಿದ ಹಾಗೆ. ಫೋನಿನಲ್ಲಿ ಹೇಳಿ ಮುಗಿಸೋಣವೆಂದರೆ ನೀನು ಎರಡನೇ ನಿಮಿಷಕ್ಕೇ "ಸರಿ, ಇಡ್ಲಾ?" ಅನ್ನುತ್ತೀಯ. ಇದು ಎರಡು ನಿಮಿಷದ ಮಾತಲ್ಲ.

ಹಲ್ಲು ಕೀಳಿಸಿದ ಜಾಗ ವಾಸಿಯಾಯಿತೇ? ನೀನು ದಂತವೈದ್ಯರ ಕುರ್ಚಿಯಲ್ಲಿ ಬಾಯಿಗೆ ಹತ್ತಿ ಇಟ್ಟುಕೊಂಡೇ, ಆ ಕುರ್ಚಿಯ ಹೊಲಿಗೆ ಎಲ್ಲೆಲ್ಲಿ ತಪ್ಪಿದೆ ಎಂದು ಅವರಿಗೆ ಪಾಠ ಮಾಡಿದೆಯಂತೆ. ಅಕ್ಕ ಹೇಳಿ ನಕ್ಕಳು. ಅವಳ ಅವಳಿ ಮಕ್ಕಳು ನಿನ್ನ ಕನ್ನಡಕಕ್ಕೆ ಮತ್ತೆ ಅಂಟು ಹಚ್ಚಿದ್ದೂ ಗೊತ್ತಾಯಿತು. ಇಲ್ಲಿ ನಾನು ಚೆನ್ನಾಗಿದ್ದೇನೆ. ಚೆನ್ನಾಗಿದ್ದೇನೆ ಎಂದು ಎಲ್ಲ ಪತ್ರದಲ್ಲೂ ಬರೆಯುತ್ತೇನೆ, ಈ ಸಲ ಅದು ನಿಜ. ಇಷ್ಟು ಹಗುರವಾಗಿ ನಾನು ಉಸಿರಾಡಿ ಎಷ್ಟು ಕಾಲವಾಯಿತೋ. ಯಾಕೆಂದು ಹೇಳುವುದಕ್ಕೇ ಕೂತಿದ್ದೇನೆ.

ನಾನು ಚಿಕ್ಕಪ್ಪನ ಜೊತೆ ಹದಿನಾಲ್ಕು ದಿನ ಒಂದೇ ಕೋಣೆಯಲ್ಲಿ ಕೂತಿದ್ದೆ.

ಕಾಗದ ಮಡಚಬೇಡ ಅಪ್ಪಾ. ಅವನ ಸುದ್ದಿ ಬಂದರೆ ನೀನು ಎದ್ದು ಹೋಗಿ ಏನಾದರೂ ಹೊಲಿಯಲು ಶುರುಮಾಡುತ್ತೀಯ ಎಂದು ಗೊತ್ತು. ಬೇಕಾದರೆ ಹೊಲಿಯುತ್ತಾ ಓದು, ಆದರೆ ಕೊನೆಯವರೆಗೆ ಓದು.

ವಾಚನಾಲಯದ ನಾವು ಐದು ಜನ ಸೇರಿ ಬೂಟಿನ ಕಾರ್ಖಾನೆಯ ಮುಷ್ಕರದ ಮೇಲೆ ಒಂದು ಪುಸ್ತಿಕೆ ತರುತ್ತಿದ್ದೇವೆ ಎಂದು ಹಿಂದೆಯೇ ಬರೆದಿದ್ದೆ. ಹದಿನೇಳು ವರ್ಷವಾದರೂ ಯಾರೂ ಅದನ್ನು ನಾಲ್ಕು ಸಾಲು ಬರೆದಿಟ್ಟಿಲ್ಲ. ಕಾರ್ಖಾನೆಯೇ ಮುಚ್ಚಿ ಗೋದಾಮಾಗಿದೆ. ಬರೆಯದೆ ಬಿಟ್ಟದ್ದನ್ನೆಲ್ಲ ಯಜಮಾನರು ತಮಗೆ ಬೇಕಾದ ಹಾಗೆ ಬರೆದುಕೊಳ್ಳುತ್ತಾರೆ ಎಂದು ನಾನು ನಂಬಿದವಳು. ಅದನ್ನು ಈಗಲೂ ನಂಬುತ್ತೇನೆ. ಆದರೆ ಪುಟ ಇಪ್ಪತ್ತೇಳರ ಸಂಗತಿಯನ್ನು ನಿನಗೆ ಬರೆದಿರಲಿಲ್ಲ. ಅದರ ತಲೆಬರಹ 'ತೋರಿಸಿದ ಬೆರಳು'. ಅದರಲ್ಲಿ ಇದ್ದದ್ದು ನಿನಗೆ ಗೊತ್ತಿರುವುದೇ, ನಾನು ಬರೆದೂ ಬರೆದೂ ಬಾಯಿಪಾಠ ಮಾಡಿಕೊಂಡದ್ದು: ಮುಷ್ಕರದ ಒಂಬತ್ತನೇ ದಿನ ಗೇಟಿನ ಮುಂದೆ ಕೂತ ಕೆಲಸಗಾರರನ್ನು ಚಿತ್ರಿಸಲು ಕಂಪನಿಯವರು ಒಬ್ಬ ವೀಡಿಯೊದವನನ್ನು ಕರೆಸಿದರು. ವಾರ ಕಳೆಯುವುದರೊಳಗೆ ಹನ್ನೊಂದು ಮಂದಿಗೆ 'ವೀಡಿಯೊ ಸಾಕ್ಷ್ಯದ ಆಧಾರದ ಮೇಲೆ' ವಜಾ ಪತ್ರ ಬಂತು. ಹನ್ನೊಂದರಲ್ಲಿ ಒಬ್ಬ, ಅಂಚು ಹೊಲಿಯುವವನು, ವೀಡಿಯೊದವನ ಸ್ವಂತ ಅಣ್ಣ. ಕೆಳಗೆ ಚಿಕ್ಕಪ್ಪನ ಹೆಸರು, ಸ್ಟುಡಿಯೊದ ವಿಳಾಸ. ಸತ್ಯಕ್ಕೆ ರಕ್ತಸಂಬಂಧ ಇಲ್ಲ ಎಂದು ಕೊನೆಯ ಸಾಲು. ಆ ಸಾಲು ಬರೆದ ದಿನ ನನಗೆ ನನ್ನ ಮೇಲೇ ಬಹಳ ಮೆಚ್ಚುಗೆಯಾಗಿತ್ತು.

ಪ್ರೆಸ್ಸಿನ ಯಜಮಾನರು ಕರಡು ಓದಿ ಕನ್ನಡಕ ತೆಗೆದರು. "ಹೆಸರು ಹಾಕಿದ್ದೀಯಲ್ಲಮ್ಮ, ಆ ಟೇಪು ನೋಡಿದ್ದೀಯಾ?"

"ಊರಿಗೆಲ್ಲ ಗೊತ್ತಿರೋ ವಿಷಯ ಸಾರ್."

"ಊರಿಗೆ ಗೊತ್ತು ಅಂತ ನಾನು ಅಚ್ಚು ಹಾಕಲ್ಲ. ಟೇಪು ನೋಡ್ಕೊಂಡು ಬಾ. ಮಾರ್ಚ್ ಹತ್ತರವರೆಗೆ ಮೆಷಿನ್ ಖಾಲಿ ಇಟ್ಟಿರ್ತೀನಿ."

ಸಿಟ್ಟು ಬಂತು. ಆದರೆ ಅವರು ಹೇಳಿದ್ದು ನ್ಯಾಯ. ಆ ವಾರವೇ ಚಿಕ್ಕಪ್ಪನ ಸ್ಟುಡಿಯೊ ಮುಂದೆ ಹಲಗೆ ಬಿದ್ದಿತ್ತು: 'ಅಂಗಡಿ ಮುಚ್ಚಲಾಗುವುದು. ನಿಮ್ಮ ಕ್ಯಾಸೆಟ್ ಇದ್ದರೆ ಒಯ್ಯಿರಿ.' ಒಳಗೆ ಹೋದೆ. ಗೋಡೆ ತುಂಬ ಕ್ಯಾಸೆಟ್ಟು. ಜನ ಬಂದು ತೆಗೆದುಕೊಂಡು ಹೋಗದ ಮದುವೆ, ಹುಟ್ಟುಹಬ್ಬ, ಶಾಲೆಯ ವಾರ್ಷಿಕೋತ್ಸವ. ಎಲ್ಲದರ ಬೆನ್ನಿಗೂ ಅವನ ದುಂಡಕ್ಷರ. ನಾನು ಹಸೀ ಸುಳ್ಳು ಹೇಳಿದೆ. "ಇವನ್ನೆಲ್ಲ ನನ್ನ ಕಂಪ್ಯೂಟರಿಗೆ ಹಾಕಿಕೊಡ್ತೀನಿ. ಟೇಪಿಗೆ ಬೂಷ್ಟು ಹಿಡಿಯೋ ಮುಂಚೆ."

ಅವನು ತಲೆಯೆತ್ತಿ ನನ್ನನ್ನು ನೋಡಿದ. ತಲೆ ಪೂರ್ತಿ ಬೆಳ್ಳಗಾಗಿದೆ ಅಪ್ಪಾ. ಹುಬ್ಬು ಮಾತ್ರ ನಿನ್ನದೇ.

"ಅಣ್ಣನ ಕಿರೀ ಮಗಳಲ್ವಾ? ಬೆಂಕಿಪೊಟ್ಟಣ?"

"ಹೌದು."

"ಅಣ್ಣನಿಗೆ ಗೊತ್ತಾ ನೀನು ಬಂದಿರೋದು?"

"ಇಲ್ಲ."

"ಸರಿ," ಎಂದ. "ಆದ್ರೆ ವಿಸಿಆರ್ ಎಲ್ಲಿ ಹೋಗುತ್ತೋ ನಾನೂ ಅಲ್ಲಿಗೇ ಬರೋದು. ಅದಕ್ಕೆ ನನ್ನ ಕೈ ಬಿಟ್ಟು ಬೇರೆ ಕೈ ಗೊತ್ತಿಲ್ಲ."

ನಾನು ಅಂದುಕೊಂಡದ್ದು ಹೀಗೆ: ಡಬ್ಬ ತರುವುದು, ಬೇಕಾದ ಟೇಪು ಹುಡುಕುವುದು, ಒಂದೇ ಮಧ್ಯಾಹ್ನದಲ್ಲಿ ಕಳ್ಳನನ್ನು ಹಿಡಿಯುವುದು. ಆದರೆ ಈ ಕೆಲಸಕ್ಕೆ ಅವಸರವೆಂದರೆ ಏನೆಂದೇ ಗೊತ್ತಿಲ್ಲ. ಫೋಟೊ ನಕಲು ಮಾಡಿದ ಹಾಗಲ್ಲ ಇದು. ಒಂದು ಗಂಟೆಯ ಟೇಪು ಕಂಪ್ಯೂಟರಿಗೆ ಇಳಿಯಲು ಒಂದು ಗಂಟೆಯೇ ಬೇಕು, ಅರ್ಧ ಗಳಿಗೆಯನ್ನೂ ಅದು ಬಿಟ್ಟುಕೊಡುವುದಿಲ್ಲ. ವಿಸಿಆರ್‌ನಿಂದ ಮೂರು ತಂತಿ ಹೊರಟು ಬೆರಳುದ್ದದ ಒಂದು ಡಬ್ಬಿ ಸೇರುತ್ತವೆ, ಹಳದಿ ಚಿತ್ರಕ್ಕೆ, ಕೆಂಪು ಬಿಳುಪು ಶಬ್ದಕ್ಕೆ. ಡಬ್ಬಿ ಕಂಪ್ಯೂಟರಿಗೆ. ಆಮೇಲೆ ಗುಂಡಿ ಒತ್ತಿ ಕೂರುವುದು. ನಡುವೆ ಕಂಪ್ಯೂಟರು ನಿದ್ದೆಹೋದರೆ ಮೊದಲಿಂದ. ಟೇಪು ಕಚ್ಚಿಕೊಂಡರೆ ಮೊದಲಿಂದ.

ಮೊದಲ ದಿನ ನಾನು ಅವನ ಮುಖ ನೋಡಬಾರದೆಂಬ ಹಟದಲ್ಲಿ ಹಳದಿ ತಂತಿಯೊಂದನ್ನೇ ಸಿಕ್ಕಿಸಿ, ಉಳಿದೆರಡನ್ನು ಮೇಜಿನ ಕೆಳಗೆ ಮರೆತೆ. ಮೂರು ಟೇಪು, ಐದು ಗಂಟೆ ಹೋಯಿತು. ತೆರೆದು ನೋಡಿದರೆ ಶಬ್ದವೇ ಇಲ್ಲ.

"ಮೂರು ಮದುವೆನೂ ಮೌನವ್ರತದಲ್ಲಿ ಮುಗಿಸಿದ್ಯಲ್ಲಮ್ಮ!" ಎಂದ ಚಿಕ್ಕಪ್ಪ. "ಪರವಾಗಿಲ್ಲ, ಗಂಡಸರಿಗೆ ಮುಂದಿನ ಅಭ್ಯಾಸ ಈಗಲೇ ಆಗಲಿ."

ನಗಬಾರದೆಂದು ತುಟಿ ಕಚ್ಚಿಕೊಂಡೆ. ದ್ರೋಹಿಯ ಜೋಕಿಗೆ ನಗುವುದು ಎಂಥ ಶಿಸ್ತು?

ಆದರೆ ದಿನಕ್ಕೆ ಆರು ಗಂಟೆ ಒಬ್ಬರ ಪಕ್ಕ ಕೂತು ಮಾತಾಡದೇ ಇರುವುದು ಮಾತಾಡುವುದಕ್ಕಿಂತ ಕಷ್ಟ. ಅವನು ಮಧ್ಯಾಹ್ನ ಹನ್ನೆರಡಕ್ಕೆ ನನ್ನ ಕೋಣೆಗೆ ಬರುತ್ತಿದ್ದ. ಬಂದವನೇ ವಿಸಿಆರ್‌ನ ಮುಚ್ಚಳ ತೆಗೆದು, ಸ್ಪಿರಿಟ್ಟಿನಲ್ಲಿ ಅದ್ದಿದ ಕಾಗದದಿಂದ ಅದರ ಹೆಡ್ಡನ್ನು ಎಳೆಮಗುವಿನ ಕಿವಿಯ ಹಾಗೆ ಒರೆಸುತ್ತಿದ್ದ. ಪ್ರತಿ ಟೇಪನ್ನೂ ಮೊದಲು ಪೂರ್ತಿ ಮುಂದಕ್ಕೆ ಓಡಿಸಿ, ಪೂರ್ತಿ ಹಿಂದಕ್ಕೆ ಸುತ್ತಿ, ಆಮೇಲೆ ಹಾಕುವುದು. "ಇಪ್ಪತ್ತು ವರ್ಷ ಮಲಗಿದೋರನ್ನ ಎಬ್ಬಿಸಿದ ತಕ್ಷಣ ಓಡು ಅಂದ್ರೆ ಬೀಳ್ತಾರೆ. ಮೈ ಮುರಿಯೋಕೆ ಬಿಡು." ತೆರೆಯ ಮೇಲೆ ಕೇಕಿನ ಮುಂದೆ ಒಂದು ಪುಟ್ಟ ಹುಡುಗ ಗಂಟಲು ಹರಿಯುವ ಹಾಗೆ ಅಳುತ್ತಿದ್ದರೆ, "ಇವನೇ ಈಗ ನಿಮ್ಮ ಬಡಾವಣೆ ನೀರಿನ ಇಂಜಿನಿಯರ್. ಆಗಿಂದ್ಲೂ ನೀರು ಬಿಡೋದ್ರಲ್ಲಿ ಗಟ್ಟಿಗ," ಎನ್ನುತ್ತಿದ್ದ. ಆ ಸಲ ನಕ್ಕುಬಿಟ್ಟೆ. ಶಿಸ್ತು ಹೋಯಿತು.

ಎಲ್ಲ ಟೇಪೂ ಒಂದೇ ರೀತಿ ಶುರುವಾಗುವುದನ್ನು ಗಮನಿಸಿದೆ. ಮೊದಲ ಹತ್ತು ಸೆಕೆಂಡು ಬರೀ ಒಂದು ಬಿಳಿ ಹಾಳೆ. ಏನದು ಎಂದು ಕೇಳಿದೆ. "ಬಿಳುಪು ಅಂದ್ರೆ ಇದು ಅಂತ ಕ್ಯಾಮೆರಾಗೆ ಮೊದಲು ತೋರಿಸ್ಬೇಕು. ಇಲ್ದಿದ್ರೆ ಮದುಮಗಳಿಗೆ ಕಾಮಾಲೆ ಬಂದಿರುತ್ತೆ," ಎಂದ. ಕೈಗೆ ಸಿಕ್ಕ ಹಾಳೆ ಯಾವುದಾದರೂ ಆಯಿತಂತೆ, ಬಿಳಿಯಾಗಿದ್ದರೆ ಸಾಕು.

ಹತ್ತನೇ ದಿನ ಅವನು ಡಬ್ಬದಿಂದ ತೆಗೆಯಲಿಲ್ಲ, ಕೈಚೀಲದಿಂದ ತೆಗೆದ. ಆ ಕ್ಯಾಸೆಟ್ಟಿನ ಬೆನ್ನಿಗೆ ದುಂಡಕ್ಷರ ಇರಲಿಲ್ಲ. "ಇದನ್ನ ಹಾಕು. ನೀನು ಬಂದಿದ್ದೇ ಇದಕ್ಕೆ ಅಂತ ನನಗೆ ಮೊದಲ ದಿನಾನೇ ಗೊತ್ತು."

ನನ್ನ ಕಿವಿ ಬಿಸಿಯಾಯಿತು. "ಗೊತ್ತಿದ್ದೂ ಒಂಬತ್ತು ದಿನ ಸುಮ್ಮನಿದ್ದೆಯಾ?"

"ನೀನು ಕೆಲಸ ಕಲೀಲಿ ಅಂತ. ಇದು ಒಂದೇ ಸಲ ಓಡೋ ಟೇಪು. ಅಂಚೆಲ್ಲ ಬೂಷ್ಟು. ಶಬ್ದದ ತಂತಿ ಸಿಕ್ಕಿಸಿದ್ಯಾ?"

ಸಿಕ್ಕಿಸಿದ್ದೆ. ಒಂದಲ್ಲ, ಎರಡು ಸಲ ನೋಡಿ ಗುಂಡಿ ಒತ್ತಿದೆ.

ಮೊದಲು ಹಾಳೆ ಬಂತು. ಆದರೆ ಬರೀ ಬಿಳಿಯಲ್ಲ. ದಪ್ಪ ಮಸಿಯಲ್ಲಿ, ಬೆರಳಗಲ ಅಕ್ಷರದಲ್ಲಿ ಒಂದೇ ಸಾಲು: 'ಮುಖಗಳು ಸ್ಪಷ್ಟವಾಗಿರಬೇಕು.' ಕಂಪನಿಯ ಆಫೀಸಿನಿಂದ ಅವನ ಕೈಗೆ ಬಂದಿದ್ದ ಚೀಟಿ. ಬೇರೆ ಹಾಳೆ ಸಿಗದೆ ಅದನ್ನೇ ಹಿಡಿದಿದ್ದಾನೆ.

ಹಾಳೆ ಸರಿಯಿತು. ಕಾಲುಗಳು ಬಂದವು.

ಮೊದಲ ಐದು ನಿಮಿಷ ಕ್ಯಾಮೆರಾ ಕೈತಪ್ಪಿ ಬಾಗಿದೆ ಎಂದುಕೊಂಡೆ. ಎತ್ತುತ್ತಾನೆ, ಈಗ ಎತ್ತುತ್ತಾನೆ ಎಂದು ಕಾದೆ. ಸಾಲು ಹಿಡಿದು ಕೂತವರ ಕಾಲು, ಚಕ್ಕಳಮಕ್ಕಳ ಹಾಕಿದ ಕಾಲು, ಘೋಷಣೆಗೆ ಸರಿಯಾಗಿ ನೆಲ ಕುಟ್ಟುವ ಬೂಟುಗಾಲು, ಬಿಸಿಲಿಗೆ ಬೆರಳು ಮಡಚಿಕೊಂಡ ಬರಿಗಾಲು. ಕ್ಯಾಮೆರಾ ಸಾಲಿನ ಈ ತುದಿಯಿಂದ ಆ ತುದಿಗೆ ನಿಧಾನವಾಗಿ ಹೋಗುತ್ತದೆ, ತಿರುಗಿ ಬರುತ್ತದೆ. ಮೊಣಕಾಲಿನ ಮೇಲೆ ಒಂದೇ ಒಂದು ಸಲವೂ ಏರುವುದಿಲ್ಲ. ಘೋಷಣೆಯ ಶಬ್ದ ಕಂಬಳಿ ಹೊದ್ದ ಹಾಗೆ ಕೇಳುತ್ತಿತ್ತು. ಯಾರ ದನಿ ಯಾರದೆಂದು ತಿಳಿಯುತ್ತಿರಲಿಲ್ಲ.

"ಇದೇನು ಚಿಕ್ಕಪ್ಪ?" ಹದಿನೇಳು ವರ್ಷದ ಮೇಲೆ ಆ ಶಬ್ದ ಬಾಯಿಂದ ತಾನಾಗಿ ಬಂತು.

"ಕಾಲು."

"ಕಾಣ್ತಿದೆ. ಮುಖ ಎಲ್ಲಿ?"

"ಮುಖ ಮೇಲಿತ್ತು."

"ಮತ್ತೆ ಶಬ್ದ?"

"ಮೈಕಿಗೆ ಕರವಸ್ತ್ರ ಸುತ್ತಿದ್ದೆ."

ಎರಡು ಗಂಟೆ ಮೂರು ನಿಮಿಷ. ನಾನು ಒಂದು ನಿಮಿಷವನ್ನೂ ಬಿಡದೆ ನೋಡಿದೆ. ಎಲ್ಲಾದರೂ ಒಂದು ಮುಖ ಸಿಕ್ಕೀತು, ಅವನ ಸುಳ್ಳು ಬಯಲಾದೀತು ಎಂದು ಮೊದಲ ಗಂಟೆ ಹುಡುಕಿದೆ. ಎರಡನೇ ಗಂಟೆ, ಒಂದೂ ಸಿಗದಿರಲಿ ಎಂದು ಹುಡುಕಿದೆ. ಸಿಗಲಿಲ್ಲ. ಎದೆಯ ಮೇಲೆ ಕೂತಿದ್ದವರು ಯಾರೋ ಎದ್ದು ಹೋದ ಹಾಗಾಯಿತು ಅಪ್ಪಾ. ಅಳು ಬಂತು, ಅವನಿಗೆ ಕಾಣದಿರಲೆಂದು ತಂತಿ ಸರಿಮಾಡುವ ನೆಪದಲ್ಲಿ ಮೇಜಿನ ಕೆಳಗೆ ಬಗ್ಗಿದೆ.

ಅಲ್ಲಿಂದಲೇ ಕೇಳಿದೆ. "ಹಾಗಾದ್ರೆ ಹನ್ನೊಂದು ಜನ ಹೇಗೆ ಸಿಕ್ಕಿದ್ರು?"

ಅವನು ಹೇಳಿದ್ದನ್ನು ಇದ್ದ ಹಾಗೇ ಬರೆಯುತ್ತೇನೆ.

ಟೇಪು ಕೊಟ್ಟು ಬರಬೇಕೆಂದರೆ, ಆಫೀಸಿನವರು ಇಲ್ಲೇ ಹಾಕಿ ತೋರಿಸು ಎಂದರಂತೆ. ಮ್ಯಾನೇಜರು ಹತ್ತು ನಿಮಿಷ ನೋಡಿ ಮೇಜು ಕುಟ್ಟಿದ. "ಏನಯ್ಯಾ ಇದು? ನಾನೇನು ಕಾಲಿನ ಡಾಕ್ಟರಾ?" ಚಿಕ್ಕಪ್ಪ ತಲೆ ಕೆರೆದುಕೊಂಡು, "ಕ್ಯಾಮೆರಾ ಭಾರ ಸಾರ್, ಬಾಗಿಬಿಟ್ಟಿದೆ," ಎಂದ. ಒಳಗೊಳಗೇ ಕುಣಿಯುತ್ತಿದ್ದನಂತೆ. ಮನೆಗೆ ಓಡಿ ಬಂದು ನಿನಗೆ ಹೇಳಬೇಕು, ಇಬ್ಬರೂ ಬಿದ್ದು ಬಿದ್ದು ನಗಬೇಕು ಎಂದು.

ಆಗ ಬಾಗಿಲ ಹತ್ತಿರದ ಸ್ಟೂಲಿನಿಂದ ಅಳತೆಪಟ್ಟಿ ಎದ್ದರು. ನೀವೆಲ್ಲ ಆ ಹೆಸರಿನಿಂದ ಕರೆಯುತ್ತಿದ್ದಿರಲ್ಲ, ಬೂಟು ತಪಾಸಣೆಯವರು, ಅವರೇ. ಯಾವುದೋ ರಿಜಿಸ್ಟರಿಗೆ ಸಹಿ ಹಾಕಿಸಲು ಬಂದಿದ್ದವರು. ಕನ್ನಡಕ ಏರಿಸಿ ಟಿವಿಯ ಹತ್ತಿರ ಹೋಗಿ ಬಗ್ಗಿದರು. "ಸ್ವಲ್ಪ ಹಿಂದಕ್ಕೆ ಹೋಗಪ್ಪ. ನಿಲ್ಲಿಸು. ಎಡಗಾಲು, ಮೂತಿ ಹತ್ರ ಎರಡು ಹೊಲಿಗೆ ಹಾರಿದೆ. ಇದು ತಪಾಸಣೇಲಿ ನಾನೇ ಪಕ್ಕಕ್ಕೆ ಹಾಕಿದ ಜೋಡಿ."

ನಿಮಗೆ ವರ್ಷಕ್ಕೊಂದು ಜೋಡಿ ಕೊಡುತ್ತಿದ್ದದ್ದು ತಪಾಸಣೆಯಲ್ಲಿ ಬಿದ್ದ ಬೂಟೇ ಅಲ್ಲವೇ? ಒಂದೊಂದಕ್ಕೂ ಒಂದೊಂದು ಊನ. ಯಾವ ಊನದ ಜೋಡಿ ಯಾರ ಪಾಲಿಗೆ ಹೋಯಿತು ಎಂದು ಅಳತೆಪಟ್ಟಿಯವರ ರಿಜಿಸ್ಟರಿನಲ್ಲಿ ನಂಬರು ಸಮೇತ ಇತ್ತು. ಬೂಟಿನ ಕಾರ್ಖಾನೆಯಲ್ಲಿ ಮುಖ ಮುಚ್ಚಿ ಕಾಲು ತೋರಿಸುವುದೆಂದರೆ ಊರಿಗೆ ಡಂಗುರ ಹೊಡೆದ ಹಾಗೆ. ಚಿಕ್ಕಪ್ಪನಿಗೆ ಅದು ಹೊಳೆಯಲೇ ಇಲ್ಲ. "ಮುಖ ಮುಚ್ಚಿದೆ, ದನಿ ಮುಚ್ಚಿದೆ. ಬೂಟು ನೆನಪಾಗ್ಲಿಲ್ಲ. ಅವತ್ತಿಂದ ಇವತ್ತಿನವರೆಗೆ ಬೂಟು ಒಂದೇ ನೆನಪು," ಎಂದ.

ಅರ್ಧ ಗಂಟೆಯಲ್ಲಿ ಹನ್ನೊಂದು ಜೋಡಿ. ನಿಲ್ಲಿಸು ಎಂದಾಗಲೆಲ್ಲ ಗುಂಡಿ ಒತ್ತಿದವನು ಚಿಕ್ಕಪ್ಪನೇ. ನಿನ್ನ ಬೂಟು ಬಂದಾಗ, ಒಂದು ಕಂದು, ಇನ್ನೊಂದು ಅದಕ್ಕಿಂತ ಒಂದು ಛಾಯೆ ಕೆಂಪು, ಅವನು ಬೇಗ ಮುಂದಕ್ಕೆ ಓಡಿಸಿದನಂತೆ. ಅಳತೆಪಟ್ಟಿಯವರು ಮೃದುವಾಗಿ ಹೇಳಿದರಂತೆ: "ಅದೊಂದು ಬಿಟ್ಟುಹೋಯ್ತು ನೋಡು, ಹಿಂದಕ್ಕೆ ಬಾ."

ನಾನು ಮೇಜಿನ ಕೆಳಗಿನಿಂದ ಎದ್ದೆ. ನನ್ನ ಸ್ವಭಾವ ನಿನಗೆ ಗೊತ್ತಲ್ಲ. "ನೀನು ಆ ಕೆಲಸ ಒಪ್ಪಿಕೊಂಡಿದ್ದಾದ್ರೂ ಯಾಕೆ?"

"ನಾನು ಇಲ್ಲ ಅಂದಿದ್ರೆ ಇನ್ನೊಬ್ಬನ್ನ ಕರೆಸ್ತಿದ್ರು. ಅವನು ಮುಖಾನೇ ತೆಗೀತಿದ್ದ."

"ಎಲ್ಲರೂ ಇದನ್ನೇ ಹೇಳೋದು. ಮಾಲೀಕರ ಕೆಲಸ ನಡೆಯೋದೇ ಈ ಮಾತಿನ ಮೇಲೆ."

ಅವನು ಒಪ್ಪಿದ. "ಹೌದು. ಅದನ್ನೂ ಬರೆ."

"ಇಷ್ಟು ವರ್ಷ ಯಾಕೆ ಹೇಳಲಿಲ್ಲ?"

"ಯಾರಿಗೆ? ಕೆಲಸ ಹೋದೋರ ಮನೆ ಬಾಗಿಲಿಗೆ ಹೋಗಿ, ನಾನು ಬರೀ ಕಾಲು ತೆಗೆದೆ ಅಂತ ಹೇಳ್ಲಾ? ಅವರು ಆ ಕಾಲಲ್ಲೇ ಒದೀತಿದ್ರು."

ಅವನ ಮಾತೊಂದನ್ನೇ ನಂಬಿದರೆ ನಾನು ಎಂಥ ಪುಸ್ತಿಕೆಯವಳು? ಮಾರನೆಯ ದಿನ ಅಳತೆಪಟ್ಟಿಯವರ ಮನೆ ಹುಡುಕಿ ಹೋದೆ. ಎರಡೇ ಕೋಣೆ. ಒಂದರ ಗೋಡೆಗೆ ರಿಜಿಸ್ಟರುಗಳ ಸಾಲು. ಬಾಗಿಲು ತೆಗೆದವರು ನನ್ನ ಮುಖ ನೋಡುವ ಮೊದಲು ಚಪ್ಪಲಿ ನೋಡಿದರು.

"ಎಡಗಾಲು ಒತ್ತಿ ನಡೀತೀಯ. ಚೀಲ ಯಾವಾಗ್ಲೂ ಎಡ ಹೆಗಲಿಗೇ ಅಲ್ವಾ?"

"ಹನ್ನೊಂದು ಜನರ ಹೆಸರು ಹೇಳಿದ್ದು ನೀವಾ?" ಎಂದು ನೇರವಾಗಿ ಕೇಳಿದೆ.

"ಹೆಸರಾ? ನಾನು ಯಾರ ಹೆಸರೂ ಹೇಳಿಲ್ಲಮ್ಮ. ನಂಬರ್ ಹೇಳಿದೆ." ಅವರಿಗೆ ನಿಜವಾಗಿಯೂ ಬೇಸರವಾಗಿತ್ತು. ರಿಜಿಸ್ಟರು ಇಳಿಸಿ, ಪುಟ ಹುಡುಕಿ, ಹನ್ನೊಂದನ್ನೂ ಓದಿ ಹೇಳಿದರು. "ಒಂದಾದ್ರೂ ತಪ್ಪಿದ್ರೆ ಹೇಳು, ಇವತ್ತೂ ತಿದ್ದಿಕೊಡ್ತೀನಿ." ನಿನ್ನ ಸಾಲು ಬಂದಾಗ ಬೆರಳು ನಿಲ್ಲಿಸಿದರು. "ಇವರು ನಿಮ್ಮ ತಂದೆಯಾ? ಅಂಚು ಹೊಲಿಯೋದು ಅಂದ್ರೆ ಅವರೇ. ಅವರ ಕೈಯಿಂದ ಬಂದ ಒಂದು ಜೋಡಿನೂ ನಾನು ವಾಪಸ್ ಕಳಿಸಿದವನಲ್ಲ."

ಇದನ್ನೆಲ್ಲ ಅಚ್ಚು ಹಾಕಬಹುದೇ ಎಂದೆ.

"ಹಾಕಮ್ಮ. 'ಸೀನಿಯರ್' ಇನ್ಸ್‌ಪೆಕ್ಟರ್ ಅಂತ ಹಾಕು. ಸೀನಿಯರ್ ಬಿಡ್ಬೇಡ."

ದಾರಿಯುದ್ದಕ್ಕೂ ಮೈ ಪರಚಿಕೊಳ್ಳುವಷ್ಟು ಸಿಟ್ಟು ಬಂತು. ಮನೆ ಮುಟ್ಟುವ ಹೊತ್ತಿಗೆ ಸಿಟ್ಟಿಗೆ ಯಾರನ್ನು ತೋರಿಸಬೇಕೆಂದು ತಿಳಿಯಲಿಲ್ಲ. ಆ ಮುದುಕರಿಗೆ ತಾವು ಏನು ಮಾಡಿದೆವೆಂದು ಇಂದಿಗೂ ಗೊತ್ತಿಲ್ಲ. ಪುಸ್ತಿಕೆಗಳಲ್ಲಿ ದ್ರೋಹಿಗಳು ಹಲ್ಲು ಕಡಿಯುತ್ತಾರೆ, ಬೂಟಿನ ಹೊಲಿಗೆ ಎಣಿಸುವವರ ಬಗ್ಗೆ ನಾನು ಎಲ್ಲೂ ಓದಿರಲಿಲ್ಲ.

ಉಳಿದ ಟೇಪುಗಳಿಗೆ ಇನ್ನೂ ನಾಲ್ಕು ದಿನ ಹಿಡಿಯಿತು. ಬೇಕಾದ್ದು ಸಿಕ್ಕಿತು, ಬಿಟ್ಟುಬಿಡಬಹುದಿತ್ತು. ಬಿಡಲಿಲ್ಲ. ಆ ಮೂರು ಮೌನವ್ರತದ ಮದುವೆಗಳಿಗೂ ಮತ್ತೆ ಕೂತು ಶಬ್ದ ಕೊಟ್ಟೆವು. ಈಗ ಜನ ಒಬ್ಬೊಬ್ಬರೇ ಬಂದು ತಮ್ಮ ತಮ್ಮ ಫೈಲು ಒಯ್ಯುತ್ತಿದ್ದಾರೆ. ನೀರಿನ ಇಂಜಿನಿಯರೂ ಬಂದಿದ್ದರು. ಅವರನ್ನು ನೋಡಿದೊಡನೆ ನಾವಿಬ್ಬರೂ ಗೋಡೆ ಕಡೆ ತಿರುಗಿಕೊಂಡೆವು.

ನಿನ್ನೆ ಪ್ರೆಸ್ಸಿಗೆ ಹೋಗಿ ಪುಟ ಇಪ್ಪತ್ತೇಳನ್ನು ಹರಿದು ಹಾಕಿದೆ. "ಹಾಗಾದ್ರೆ ಆ ಪುಟ ಖಾಲಿ ಬಿಡ್ಲಾ, ಹೂವಿನ ಚಿತ್ರ ಹಾಕ್ಲಾ?" ಎಂದರು ಯಜಮಾನರು. ಹೊಸ ಪುಟ ಕೊಟ್ಟೆ. ಓದಿದ ಮೇಲೆ ಅವರು ಮೆಷಿನ್ನಿನವನನ್ನು ಕರೆದರು. ಅದರಲ್ಲಿ ಟೇಪಿನ ಒಂದು ಚಿತ್ರವಿದೆ, ಸಾಲು ಕಾಲುಗಳು. ಚೀಟಿಯ ಸಾಲು ಇದೆ. ಅಳತೆಪಟ್ಟಿಯವರ ಮಾತು ಇದೆ. ವೀಡಿಯೊದವನು ಆ ಕೆಲಸಕ್ಕೆ ಹೋಗಬಾರದಿತ್ತು ಎಂಬ ನನ್ನ ಮಾತೂ ಇದೆ. ಅದನ್ನು ತೆಗೆಯಲಿಲ್ಲ, ತೆಗೆ ಎಂದು ಅವನೂ ಹೇಳಲಿಲ್ಲ. ಅವನೇ ಕರಡು ತಿದ್ದಿದ. ನನ್ನ ಒಂದು ಸಾಲನ್ನು ಮಾತ್ರ ಹೊಡೆದು ಹಾಕಿದ, ಸತ್ಯಕ್ಕೆ ರಕ್ತಸಂಬಂಧ ಇಲ್ಲ ಎಂಬುದನ್ನು. "ಇದು ಸುಳ್ಳು," ಎಂದ. "ಇದ್ರೆ ತಾನೇ ಇಷ್ಟು ನೋಯೋದು?"

ಅಪ್ಪಾ, ಇದರ ಜೊತೆ ಒಂದು ಪೆನ್‌ಡ್ರೈವ್ ಇಟ್ಟಿದ್ದೇನೆ. ಅಕ್ಕನ ಲ್ಯಾಪ್‌ಟಾಪಿಗೆ ಸಿಕ್ಕಿಸಿ ನೋಡು. ಎರಡು ಗಂಟೆ ಮೂರು ನಿಮಿಷ, ಓಡಿಸಬೇಡ. ನಲವತ್ತೊಂದನೇ ನಿಮಿಷದಲ್ಲಿ ನೀನು ಬರುತ್ತೀಯ, ಕ್ಯಾಮೆರಾ ನಿನ್ನ ಮುಂದೆ ಬಂದಾಗ ಒಂದು ಕಾಲು ಇನ್ನೊಂದರ ಹಿಂದೆ ಸರಿಯುತ್ತದೆ. ಅವನನ್ನು ನೀನು ಗುರುತು ಹಿಡಿದಿದ್ದೆ ಎಂದುಕೊಂಡೆ. ನೋಡಿ ಮುಗಿದ ಮೇಲೆ, ಮನಸ್ಸು ಒಪ್ಪಿದರೆ, ಬಾ ಎಂದು ಒಂದು ಸಾಲು ಅವನಿಗೆ ಬರೆ. ಅವನಾಗಿ ಬರುವವನಲ್ಲ. ಹುಬ್ಬಷ್ಟೇ ಅಲ್ಲ, ಹಟವೂ ನಿನ್ನದೇ.

ಅಕ್ಕನಿಗೆ ನನ್ನ ಪ್ರೀತಿ, ಭಾವನಿಗೆ ನಮಸ್ಕಾರ. ಅವಳಿಗಳ ಕೈಗೆ ಅಂಟು ಸಿಗದಿರಲಿ. ನಿನ್ನ ಉಳಿದ ಹಲ್ಲುಗಳು ಗಟ್ಟಿಯಾಗಿರಲಿ, ನಿನ್ನ ಸೂಜಿ ಎಂದೂ ಮುರಿಯದಿರಲಿ. ಚಿಕ್ಕವಳು ದೊಡ್ಡವರನ್ನು ಹರಸಬಾರದಂತೆ. ನಾನು ಆ ನಿಯಮವನ್ನು ಒಪ್ಪಿಲ್ಲ. ನೀನೂ ನನ್ನನ್ನು ಹರಸು, ಈ ಸಲ ನನಗೆ ಅದು ಬೇಕಾಗಿದೆ.

ನಿನ್ನ ಕಿರೀ ಮಗಳು,
ಬೆಂಕಿಪೊಟ್ಟಣ

ತಾ.ಕ.: ಚಿಕ್ಕಪ್ಪ ಹೇಳಿದ್ದರ ಪೈಕಿ ಒಂದನ್ನು ಮೇಲೆ ಬಿಟ್ಟಿದ್ದೇನೆ. ಪತ್ರ ಮುಚ್ಚಿ, ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ಕೊನೆಯ ದಿನ ತಂತಿಗಳನ್ನು ಸುತ್ತಿಡುವಾಗ ಅವನು ಕೇಳಿದ: "ಅಣ್ಣ ಬರೆದಿದ್ದನ್ನ ಈಗ ವಾಪಸ್ ತಗೋತಾನಾ?" ಏನು ಬರೆದದ್ದು ಎಂದೆ. ಪರ್ಸಿನಿಂದ ಹದಿನೇಳು ವರ್ಷ ಮಡಚಿಟ್ಟ ಅರ್ಧ ಹಾಳೆ ತೆಗೆದ. ಟೈಪು ಮಾಡಿದ ಎರಡು ಸಾಲು. 'ಹನ್ನೊಂದು ಮನೆಯ ಅನ್ನ ಕಸಿದವನು ಈ ಮನೆಯ ಹೊಸ್ತಿಲು ತುಳಿಯಕೂಡದು. ಇಲ್ಲಿ ಸಾವಾದರೂ ಬರಕೂಡದು.' ಕೆಳಗೆ ನಿನ್ನ ಹೆಸರು.

ಅದನ್ನು ಬರೆದವಳು ನಾನು ಅಪ್ಪಾ. ಹದಿನಾರು ವಯಸ್ಸು, ತಲೆ ತುಂಬ ಕರಪತ್ರ. ಟೈಪಿಂಗ್ ಕ್ಲಾಸಿನಲ್ಲಿ ಕುಟ್ಟಿ, ಅವನ ಶಟರಿನ ಕೆಳಗೆ ತೂರಿಸಿ ಬಂದಿದ್ದೆ. ನನ್ನ ಹೆಸರಿಗೆ ತೂಕವಿಲ್ಲ ಎಂದು ನಿನ್ನದನ್ನು ಹಾಕಿದೆ. ಎರಡು ತಿಂಗಳಿಗೆ ಅಮ್ಮ ತೀರಿಕೊಂಡಳು. ನೀನು ಆ ಇಡೀ ದಿನ ಬಾಗಿಲಲ್ಲೇ ಕೂತಿದ್ದೆ. ಒಳಗೆ ಬಾ ಎಂದವರಿಗೆಲ್ಲ "ತಮ್ಮ ಬರ್ತಾನೆ, ಅತ್ತಿಗೆ ಅಂದ್ರೆ ಜೀವ ಅವನಿಗೆ," ಎನ್ನುತ್ತಿದ್ದೆ. ಸಂಜೆಯಾದ ಮೇಲೆ ಎದ್ದು ಬಾಗಿಲು ಹಾಕಿದೆ, ಅವನ ಹೆಸರು ಮತ್ತೆ ಎತ್ತಲಿಲ್ಲ. ಅವನು ಯಾಕೆ ಬರಲಿಲ್ಲ ಎಂದು ಆ ಮನೆಯಲ್ಲಿ ಗೊತ್ತಿದ್ದವಳು ನಾನೊಬ್ಬಳೇ. ನಿನ್ನ ಹಿಂದೆಯೇ ನಿಂತಿದ್ದೆ.

ಅವನಿಗೆ ಹೇಳಿದೆ. ಬೈಯುತ್ತಾನೆಂದು ಕಾದೆ. ಅವನು ಕುರ್ಚಿಯಲ್ಲಿ ಕೂತು, "ಅಣ್ಣ ಬರೆದಿಲ್ವಾ?" ಎಂದ. ಇಲ್ಲ ಎಂದೆ. "ಅಣ್ಣ ಬರೆದಿಲ್ಲ," ಎಂದು ತನಗೆ ತಾನೇ ಮೂರು ನಾಲ್ಕು ಸಲ ಹೇಳಿಕೊಂಡ. ಆ ಹಾಳೆಯನ್ನು ನಾನು ಕೇಳಿ ತೆಗೆದುಕೊಂಡೆ. ಪೆನ್‌ಡ್ರೈವಿಗೆ ಸುತ್ತಿರುವುದು ಅದನ್ನೇ. ಕೆಳಗಿದ್ದ ನಿನ್ನ ಹೆಸರನ್ನು ಹೊಡೆದು ಹಾಕಿ ನನ್ನದನ್ನು ಬರೆದಿದ್ದೇನೆ.